ಚಿನ್ನ ಗೆಲ್ಲುವ ಕ್ಯೂಬಾದವರು ವೃತ್ತಿಪರ ರಿಂಗ್‌ನಲ್ಲಿ ಏಕೆ ಹಿಂದೆ ಬೀಳುತ್ತಾರೆ?

ಬಾಕ್ಸಿಂಗ್ ಕುರಿತು ಬರೆಯುವ ನನ್ನನ್ನು ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು: ಒಲಿಂಪಿಕ್ಸ್‌ನಲ್ಲಿ 40ಕ್ಕೂ ಹೆಚ್ಚು ಚಿನ್ನ ಗೆದ್ದಿರುವ ಕ್ಯೂಬಾದ ಬಾಕ್ಸರ್‌ಗಳು ವೃತ್ತಿಪರ ಬಾಕ್ಸಿಂಗ್‌ಗೆ ಬಂದಾಗ ಅದೇ ಮಟ್ಟದಲ್ಲಿ ಏಕೆ ಮೆರೆಯುವುದಿಲ್ಲ? ಕೇಳುವವರಲ್ಲಿ ಹೆಚ್ಚಿನವರು ಉತ್ತರವನ್ನೂ ತಾವೇ ಹೇಳಿಬಿಡುತ್ತಾರೆ. ಒಲಿಂಪಿಕ್ಸ್‌ನ ಮೂರು ಸುತ್ತಿಗೆ ಒಗ್ಗಿದ ದೇಹಕ್ಕೆ ವೃತ್ತಿಪರರ ಹನ್ನೆರಡು ಸುತ್ತು ಭಾರವಾಗುತ್ತದೆ ಎನ್ನುವುದು ಅವರ ವಾದ. ಅದರಲ್ಲಿ ಸತ್ಯವಿದೆ, ಆದರೆ ತೀರಾ ಸ್ವಲ್ಪ.

ವೃತ್ತಿಪರ ರಿಂಗ್ ಕ್ಯೂಬಾದವರಿಗೆ ಅಪರಿಚಿತವಾಗಿರಲೇ ಇಲ್ಲ. 1931ರಲ್ಲಿ ಕಿಡ್ ಚಾಕೊಲೇಟ್, 1951ರಲ್ಲಿ ಕಿಡ್ ಗವಿಲಾನ್ ವಿಶ್ವ ಚಾಂಪಿಯನ್ನರಾದದ್ದು ವೃತ್ತಿಪರರಾಗಿಯೇ. ಕ್ರಾಂತಿಯ ನಂತರ, 1960ರ ದಶಕದ ಆರಂಭದಲ್ಲಿ, ಕ್ಯಾಸ್ಟ್ರೋ ಸರ್ಕಾರ ವೃತ್ತಿಪರ ಕ್ರೀಡೆಯನ್ನು ನಿಷೇಧಿಸಿತು. ದೇಶ ಬಿಟ್ಟ ಹೋಸೆ ನಾಪೋಲೆಸ್ ಮೆಕ್ಸಿಕೋದಲ್ಲಿ ನೆಲೆಸಿ 1969ರಲ್ಲಿ ವೆಲ್ಟರ್‌ವೇಟ್ ತೂಕ ವಿಭಾಗದ ವಿಶ್ವ ಪಟ್ಟಕ್ಕೇರಿದರು. ದೇಶದಲ್ಲೇ ಉಳಿದವರಿಗಾಗಿ ಸರ್ಕಾರ ಕ್ರೀಡಾಶಾಲೆಗಳನ್ನು ಕಟ್ಟಿತು, ಆಲ್ಸಿಡೆಸ್ ಸಗಾರ್ರಾ ಅವರಂಥ ತರಬೇತುದಾರರು ಸೋವಿಯತ್ ಪದ್ಧತಿಯನ್ನು ಕ್ಯೂಬಾದ ಲಯಕ್ಕೆ ಒಗ್ಗಿಸಿದರು. ತೆಯೋಫಿಲೋ ಸ್ಟೀವನ್‌ಸನ್ 1972, 1976, 1980ರಲ್ಲಿ ಸತತ ಮೂರು ಚಿನ್ನ ಗೆದ್ದು, ಮುಹಮ್ಮದ್ ಅಲಿಯೊಡನೆ ಸೆಣಸಲು ಬಂದ ಲಕ್ಷಾಂತರ ಡಾಲರ್‌ಗಳ ಆಹ್ವಾನವನ್ನು ತಿರಸ್ಕರಿಸಿದರು. ಹೀಗಾಗಿ ಈ ಕಂದಕವನ್ನು ತೋಡಿದ್ದು ಒಂದು ಸರ್ಕಾರಿ ಆದೇಶ. ಕ್ಯೂಬಾದವರ ಮೈಕಟ್ಟಿನಲ್ಲಾಗಲಿ ಗುಂಡಿಗೆಯಲ್ಲಾಗಲಿ ಕಾರಣ ಹುಡುಕುವುದು ವ್ಯರ್ಥ.

ಆ ಶಾಲೆಗಳು ಕಲಿಸಿದ ಆಟ ಪಾದಗಳಿಂದ ಶುರುವಾಗುತ್ತದೆ. ಎದುರಾಳಿಯ ಕೈಗೆ ಎಟುಕದಷ್ಟು ದೂರ ನಿಲ್ಲುವುದು, ಅವನು ಮುನ್ನುಗ್ಗಿ ತಪ್ಪಿದ ಕ್ಷಣದಲ್ಲಿ ಒಂದು ಶುದ್ಧ ಹೊಡೆತ ಕೊಟ್ಟು ಪಕ್ಕಕ್ಕೆ ಸರಿಯುವುದು, ಅಂಕದಲ್ಲಿ ಮುಂದಿದ್ದಾಗ ಅಪಾಯಕ್ಕೆ ಕೈಹಾಕದಿರುವುದು ಅದರ ಸಾರ. (ಈ ಪಾಠ ನಮಗೂ ದಕ್ಕಿದೆ: ಭಾರತದ ಬಾಕ್ಸರ್‌ಗಳನ್ನು ದೀರ್ಘಕಾಲ ತರಬೇತುಗೊಳಿಸಿದ ಕ್ಯೂಬಾದ ಬಿ.ಐ. ಫರ್ನಾಂಡಿಸ್ 2012ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಪಡೆದ ಮೊದಲ ವಿದೇಶಿಯರು.) ಪದಕಕ್ಕೆ ಇಷ್ಟು ಸಾಕು. ವೃತ್ತಿಪರ ಬಾಕ್ಸಿಂಗ್‌ನಲ್ಲಾದರೋ ಗೆಲುವಿನ ಜೊತೆಗೆ ಟಿಕೆಟ್ ಕೂಡ ಮಾರಾಟವಾಗಬೇಕು.

ಗಿಯೆರ್ಮೋ ರಿಗಾಂಡೋ ಅವರ ಕತೆ ನೋಡಿ. 2000 ಮತ್ತು 2004ರಲ್ಲಿ ಚಿನ್ನ ಗೆದ್ದು, 2009ರಲ್ಲಿ ಕ್ಯೂಬಾದಿಂದ ತಪ್ಪಿಸಿಕೊಂಡು ಬಂದ ಅವರು 2013ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನ ರೇಡಿಯೋ ಸಿಟಿ ಮ್ಯೂಸಿಕ್ ಹಾಲ್‌ನಲ್ಲಿ ನೋನಿಟೋ ಡೊನೇರ್ ಅವರನ್ನು ಎದುರಿಸಿದರು. ಹಿಂದಿನ ವರ್ಷದ ಶ್ರೇಷ್ಠ ಬಾಕ್ಸರ್ ಎಂದು ಅಮೆರಿಕದ ಬಾಕ್ಸಿಂಗ್ ಬರಹಗಾರರಿಂದ ಮನ್ನಣೆ ಪಡೆದಿದ್ದ ಡೊನೇರ್‌ಗೆ ಆ ರಾತ್ರಿ ಹೊಡೆಯಲು ಗುರಿಯೇ ಸಿಗಲಿಲ್ಲ. ಹತ್ತನೇ ಸುತ್ತಿನಲ್ಲಿ ಒಮ್ಮೆ ನೆಲಕ್ಕೆ ಬಿದ್ದರೂ ರಿಗಾಂಡೋ ಮೂವರು ತೀರ್ಪುಗಾರರ ಪಟ್ಟಿಯಲ್ಲೂ ಗೆದ್ದರು. ಪ್ರೇಕ್ಷಕರಿಂದ ಮಾತ್ರ ಛೀಮಾರಿ ಕೇಳಿಬಂತು. ಅಂಥ ಗೆಲುವಿನ ಬಳಿಕ ದೊಡ್ಡ ಪಂದ್ಯಗಳು ಸಾಲುಗಟ್ಟಬೇಕಿತ್ತು. ಬದಲಿಗೆ ಅಮೆರಿಕದ ಟಿ.ವಿ. ವಾಹಿನಿಯ ಆಸಕ್ತಿ ಬತ್ತಿತು, ಮರುವರ್ಷ ಅವರು ಮಕಾವ್ ಮತ್ತು ಒಸಾಕಾಗಳಲ್ಲಿ ಆಡಬೇಕಾಯಿತು. ಇದನ್ನು ಕ್ಯೂಬಾ ಶೈಲಿಯ ಸೋಲು ಎನ್ನುವವರೊಡನೆ ನನಗೆ ತಕರಾರಿದೆ, ಏಕೆಂದರೆ ರಿಂಗ್‌ನೊಳಗೆ ಆ ಶೈಲಿ ಅಂದು ಗೆದ್ದಿತ್ತು.

ಇನ್ನೊಂದು ಕಾರಣ ವಯಸ್ಸು. 2004ರ ಅಥೆನ್ಸ್ ಫೈನಲ್‌ನಲ್ಲಿ ಮಾರಿಯೋ ಕಿಂಡೆಲಾನ್, 17 ವರ್ಷದ ಬ್ರಿಟಿಷ್ ಹುಡುಗ ಅಮೀರ್ ಖಾನ್ ಅವರನ್ನು ಮಣಿಸಿದರು. ಕಿಂಡೆಲಾನ್ ಕ್ಯೂಬಾದಲ್ಲೇ ಉಳಿದರು. ಸೋತ ಹುಡುಗ ಮರುವರ್ಷ ವೃತ್ತಿಪರನಾಗಿ, ಪಂದ್ಯ ಏರ್ಪಡಿಸುವ ಪ್ರೊಮೋಟರ್ ಆರಿಸಿಕೊಟ್ಟ ಎದುರಾಳಿಗಳ ಮೇಲೆ ಹಂತ ಹಂತವಾಗಿ ಬೆಳೆದು, 22ರ ಹರೆಯಕ್ಕೆ ವಿಶ್ವ ಚಾಂಪಿಯನ್ ಆದರು. ರಿಗಾಂಡೋ ಮೊದಲ ವೃತ್ತಿಪರ ಪಂದ್ಯ ಆಡಿದ್ದೇ 28ಕ್ಕೆ. ದೇಹದ ಹುರುಪಿನ ವರ್ಷಗಳೆಲ್ಲ ಪದಕಕ್ಕೆ ಸಂದಿರುತ್ತವೆ, ಹೊಸ ದೇಶದಲ್ಲಿ ತರಬೇತುದಾರನೂ ಹೊಸಬ, ತನ್ನವರೆಂದು ಟಿಕೆಟ್ ಕೊಳ್ಳುವ ಜನರೂ ಕಡಿಮೆ.

ಸುತ್ತುಗಳ ವಾದ ಹಿಡಿದವರಿಗೆ ನಾನು ರೊಬೇಸಿ ರಮೀರೆಸ್ ಅವರನ್ನು ನೆನಪಿಸುತ್ತೇನೆ. ಎರಡು ಒಲಿಂಪಿಕ್ಸ್ ಚಿನ್ನಗಳೊಡನೆ ಬಂದ ಅವರು 2019ರಲ್ಲಿ ತಮ್ಮ ಮೊದಲ ವೃತ್ತಿಪರ ಪಂದ್ಯದಲ್ಲೇ, ಅದೂ ಕೇವಲ ನಾಲ್ಕು ಸುತ್ತಿನದರಲ್ಲಿ, ಆಡಾನ್ ಗೊನ್ಸಾಲೆಸ್ ಎದುರು ಮೊದಲ ಸುತ್ತಿನಲ್ಲೇ ಒಮ್ಮೆ ನೆಲಕ್ಕುರುಳಿ, ಕೊನೆಗೆ ಅಂಕಗಳಲ್ಲಿ ಸೋತರು. ಎಡವಿದ್ದು ದಮ್ಮಿನ ಕೊರತೆಯಿಂದಲ್ಲ, ಆಟದ ಬಗೆಯೇ ಬೇರೆಯಾದ್ದರಿಂದ. ಮುಂದಿನ ವರ್ಷ ಅದೇ ಗೊನ್ಸಾಲೆಸ್‌ರನ್ನು ಸೋಲಿಸಿ, 2023ರಲ್ಲಿ ಫೆದರ್‌ವೇಟ್ ವಿಶ್ವ ಪಟ್ಟವನ್ನೂ ಗೆದ್ದರು, ಅದೇ ವರ್ಷದ ಕೊನೆಗೆ ಕಳೆದುಕೊಂಡರು.

2022ರಲ್ಲಿ ಕ್ಯೂಬಾ ಸರ್ಕಾರ ತನ್ನ ಬಾಕ್ಸರ್‌ಗಳಿಗೆ ವೃತ್ತಿಪರ ಪಂದ್ಯಗಳನ್ನು ಆಡಲು ಅನುಮತಿ ಕೊಟ್ಟಿತು. ತಡವಾಯಿತು ಎಂದೇ ನನ್ನ ಎಣಿಕೆ, ಏಕೆಂದರೆ ವಲಸೆಯ ಪೆಟ್ಟು ಆ ವೇಳೆಗೆ ಹವ್ಯಾಸಿ ತಂಡವನ್ನೇ ತಟ್ಟಿತ್ತು. ಟೋಕಿಯೋದಲ್ಲಿ ನಾಲ್ಕು ಚಿನ್ನ ಗೆದ್ದಿದ್ದ ತಂಡಕ್ಕೆ 2024ರ ಪ್ಯಾರಿಸ್‌ನಲ್ಲಿ ದಕ್ಕಿದ್ದು ಎರಿಸ್ಲಾಂಡಿ ಆಲ್ವಾರೆಸ್ ಅವರ ಒಂದೇ ಚಿನ್ನ. ಹಿಂದಿನ ಎರಡೂ ಒಲಿಂಪಿಕ್ಸ್‌ಗಳಲ್ಲಿ ಚಾಂಪಿಯನ್ ಆಗಿದ್ದ ಹುಲಿಯೋ ಸೆಸಾರ್ ಲಾ ಕ್ರೂಸ್ ಅಲ್ಲಿ ತಮ್ಮ ಮೊದಲ ಪಂದ್ಯದಲ್ಲೇ ಸೋತರು. ಗೆದ್ದವರು ಅಜರ್ಬೈಜಾನ್ ಪರವಾಗಿ ಆಡಿದ ಲೊರೆನ್ ಆಲ್ಫೊನ್ಸೊ, ಅವರೂ ಕ್ಯೂಬಾದಲ್ಲೇ ಹುಟ್ಟಿದವರು.