"ಆ ಕಾಲೇಜಿಗೇ ಯಾಕೆ ಸೇರಿದ್ರಿ?" ಅಂತ ಇಂಟರ್‌ವ್ಯೂನಲ್ಲಿ ಕೇಳೋದು ಯಾಕೆ ಅಂದ್ರೆ

ನಾನು ಮೈಸೂರಿನ ಒಂದು ಖಾಸಗಿ ಆಸ್ಪತ್ರೇಲಿ ನರ್ಸಿಂಗ್ ಸೂಪರಿಂಟೆಂಡೆಂಟ್. ಹೊಸ ಸ್ಟಾಫ್ ನರ್ಸ್‌ಗಳನ್ನ ತಗೊಳ್ಳೋವಾಗ ಪ್ಯಾನೆಲ್‌ನಲ್ಲಿ ಕೂರ್ತೀನಿ. ಮಾರ್ಕ್ಸ್ ಕಾರ್ಡು, ಕೌನ್ಸಿಲ್ ರಿಜಿಸ್ಟ್ರೇಶನ್ ಎಲ್ಲಾ ನೋಡಿ ಆದ್ಮೇಲೆ ನಂದೊಂದು ಪ್ರಶ್ನೆ ಇದ್ದೇ ಇರತ್ತೆ, ಆ ಕಾಲೇಜಿಗೇ ಯಾಕೆ ಸೇರಿದ್ರಿ ಅಂತ. ಪಕ್ಕದಲ್ಲಿ ಕೂತಿರೋ ಎಚ್‌ಆರ್‌ನವರು ಅಷ್ಟೊತ್ತಿಗೆ ವಾಚ್ ನೋಡ್ಕೊತಿರ್ತಾರೆ, ನೋಡ್ಕೊಳ್ಳಿ ಬಿಡಿ.

ಬರೋ ಉತ್ತರಗಳು ಕೇಳಿದ್ರೆ ನಗು ಬರತ್ತೆ, ಪಾಪ ಅಂತಾನೂ ಅನ್ಸತ್ತೆ. "ನಮ್ಮ ಭಾವ ಹೇಳಿದ್ರು ಮೇಡಂ." "ಹಾಸ್ಟೆಲ್ಲು ಕಾಂಪೌಂಡ್ ಒಳಗೇ ಇತ್ತು, ಅದಕ್ಕೆ ಅಪ್ಪ ಒಪ್ಪಿದ್ರು." "ನಮ್ಮ ಮಠದ ಕಾಲೇಜು, ಫೀಸಲ್ಲಿ ಸ್ವಲ್ಪ ಬಿಟ್ರು." "ಊರಿಂದ ಡೈರೆಕ್ಟ್ ಬಸ್ಸಿತ್ತು." ಕೇರಳದಿಂದ ಬಂದು ಇಲ್ಲಿ ಓದಿರೋ ಹುಡುಗೀರಲ್ಲಿ ಬಹಳ ಜನಕ್ಕೆ ಕಾಲೇಜು ಆರಿಸಿದ್ದೇ ಏಜೆಂಟು, ಸೇರೋ ದಿನ ಗೇಟ್ ಹತ್ರ ಇಳಿದಾಗಲೇ ಕಾಲೇಜಿನ ಮುಖ ನೋಡಿದ್ದಂತೆ. ಅವನಿಗೆ ಒಂದೊಂದು ಸೀಟಿಗೆ ಇಷ್ಟು ಅಂತ ಕಮಿಷನ್ ಇರತ್ತೆ, ಅವನು ಇನ್ಯಾವ ಕಾಲೇಜು ತೋರಿಸ್ತಾನೆ ಹೇಳಿ. ಮಧ್ಯದಲ್ಲಿ ಬಿಡ್ತೀನಿ ಅಂದ್ರೆ ಒರಿಜಿನಲ್ ಸರ್ಟಿಫಿಕೇಟ್ ಕೊಡಲ್ಲ ಅಂತ ಕಾಲೇಜಿನವರು ಸತಾಯಿಸಿದ್ದನ್ನೂ ಹೇಳ್ಕೊಂಡಿದಾರೆ.

ಒಬ್ಬಳು ಮಾತ್ರ ಬೇರೆ ಥರ ಹೇಳಿದ್ಲು. ಅವಳ ಅಮ್ಮ ದೊಡ್ಡಾಸ್ಪತ್ರೇಲಿ ಆಯಾ, ಬೇರೆ ಬೇರೆ ಕಾಲೇಜಿನ ಸ್ಟೂಡೆಂಟ್ಸ್ ಪೋಸ್ಟಿಂಗ್‌ಗೆ, ಅಂದ್ರೆ ವಾರ್ಡಲ್ಲಿ ಕೆಲಸ ಕಲಿಯೋಕೆ, ಬರೋದನ್ನ ದಿನಾ ನೋಡ್ತಿದ್ರು. "ಯಾವ ಕಾಲೇಜಿನ ಮಕ್ಕಳು ಬೆಳಿಗ್ಗೆಯಿಂದ ಪೇಷಂಟ್ ಹತ್ರಾನೇ ನಿಂತಿರ್ತಾರೋ ಅದಕ್ಕೆ ಸೇರ್ಕೊ, ಯಾವುದರ ಮಕ್ಕಳು ಅಟೆಂಡೆನ್ಸ್ ಹಾಕಿ ಕ್ಯಾಂಟೀನಿಗೆ ಹೋಗ್ತಾರೋ ಅದು ಬೇಡ" ಅಂದ್ರಂತೆ. ಕಾಲೇಜು ಆರಿಸೋ ವಿಷಯದಲ್ಲಿ ಇದಕ್ಕಿಂತ ಒಳ್ಳೆ ಸಲಹೆ ನಾನಂತೂ ಕೇಳಿಲ್ಲ.

ಡಾಕ್ಟರ್‌ಗಳ ಕಥೆ ಬೇರೆ. ಊಟದ ಟೈಮಲ್ಲಿ ಕೇಳಿದ್ರೆ "ಸಿಸ್ಟರ್, ನಾವೆಲ್ಲಿ ಆರಿಸಿದ್ವಿ, ರ‍್ಯಾಂಕ್ ಆರಿಸ್ತು" ಅಂತಾರೆ. ಹಿಂದಿನವರು ಸಿಇಟಿ ಬರ್ದು ಸೇರಿದವರು, ಈಗಿನವರು ನೀಟ್ ಬರ್ದು ಕೆಇಎ (ರಾಜ್ಯದ ಪರೀಕ್ಷಾ ಪ್ರಾಧಿಕಾರ) ಆಪ್ಷನ್ ಎಂಟ್ರೀಲಿ ಬೇಕಾದ ಕಾಲೇಜುಗಳ ಪಟ್ಟಿ ಕೊಟ್ಟು ಬಂದವರು. ಸರ್ಕಾರಿ ಸೀಟು ಸಿಕ್ರೆ ಅದು ಬೀದರ್ ಆಗ್ಲಿ ಕಾರವಾರ ಆಗ್ಲಿ ಕಣ್ಮುಚ್ಕೊಂಡು ತಗೊಳ್ತಾರೆ, ಯಾಕಂದ್ರೆ ಖಾಸಗಿ ಮ್ಯಾನೇಜ್‌ಮೆಂಟ್ ಸೀಟಿಗೆ ಹೋದ್ರೆ ಹೊಲ ಮಾರ್ಬೇಕು. ರಾಯಚೂರಿನ ಒಬ್ಬ ಪಿಜಿ ಡಾಕ್ಟರ್ ಹೇಳ್ತಿದ್ರು, ಸಂವಿಧಾನದ 371ಜೆ ಮೀಸಲಾತಿ ಇದ್ದಿದ್ದಕ್ಕೆ ಊರಲ್ಲೇ ಎಂಬಿಬಿಎಸ್ ಆಯ್ತು ಅಂತ, ಅಲ್ಲಿನ ಕಾಲೇಜುಗಳಲ್ಲಿ 70 ಪರ್ಸೆಂಟ್ ಸೀಟು ಕಲ್ಯಾಣ ಕರ್ನಾಟಕದವರಿಗೇ, ಹೊರಗಿನ ಜಿಲ್ಲೆಗಳಲ್ಲೂ 8 ಪರ್ಸೆಂಟ್ ಇದೆ.

ನರ್ಸಿಂಗ್‌ನಲ್ಲಿ ಹಾಗಲ್ಲ, ಕಾಲೇಜುಗಳು ಸಿಕ್ಕಾಪಟ್ಟೆ ಇವೆ, ಆರಿಸೋಕೆ ನಿಜವಾಗ್ಲೂ ಜಾಗ ಇದೆ, ಆದ್ರೂ ಆರಿಸಲ್ಲ. ಕೇಳಿದ್ರೆ "ಎಲ್ಲಿ ಓದಿದ್ರೂ ಡಿಗ್ರಿ ರಾಜೀವ್ ಗಾಂಧಿ ಯೂನಿವರ್ಸಿಟೀದೇ ತಾನೆ" ಅಂತಾರೆ ಅಪ್ಪ ಅಮ್ಮಂದಿರು. ಹೌದು, 1996ರಿಂದ ಡೀಮ್ಡ್ ಯೂನಿವರ್ಸಿಟಿಗಳನ್ನ ಬಿಟ್ರೆ ಹೆಚ್ಚುಕಮ್ಮಿ ಎಲ್ಲರದ್ದೂ ಅದೇ ಸರ್ಟಿಫಿಕೇಟ್, ಅದೇ ಪ್ರಶ್ನೆಪತ್ರಿಕೆ. ಆದ್ರೆ ಕೈ ಅದೇ ಅಲ್ವಲ್ಲ.

ನಾವು ಪ್ರಾಕ್ಟಿಕಲ್ ಇಡ್ತೀವಿ, ಡಮ್ಮಿ ಕೈಗೆ ಐವಿ ಹಾಕ್ಬೇಕು. ಸರ್ಕಾರಿ ಆಸ್ಪತ್ರೆ ವಾರ್ಡಲ್ಲಿ ಬೆಳೆದ ಹುಡುಗಿ ಬಂದ ತಕ್ಷಣ "ಪೇಷಂಟ್ ವಯಸ್ಸೆಷ್ಟು ಮೇಡಂ, ಬ್ಲಡ್ ಕೊಡೋದಿದ್ಯಾ" ಅಂತ ಕೇಳಿ ಸಣ್ಣ ನೀಲಿ ಬಿಟ್ಟು ದಪ್ಪ ಹಸಿರು ಕ್ಯಾನುಲಾ (ನರದೊಳಗೆ ಇಡೋ ಪ್ಲಾಸ್ಟಿಕ್ ನಳಿಕೆ) ಎತ್ಕೊಳ್ತಾಳೆ, ತೋಳಿಗೆ ಟೂರ್ನಿಕೆ ಪಟ್ಟಿ ಕಟ್ಟಿ ಬೆರಳಲ್ಲೇ ನರ ಹುಡುಕ್ತಾಳೆ, ಕಣ್ಣಲ್ಲಲ್ಲ. ರಕ್ತ ಬಂದ ಕೂಡ್ಲೆ ಸೂಜಿ ಹಿಂದಕ್ಕೆಳೆದು ಕ್ಯಾನುಲಾ ಮುಂದಕ್ಕೆ ತಳ್ಳಿ ಟೂರ್ನಿಕೆ ಬಿಚ್ಚೋದು ಎಲ್ಲಾ ಒಂದೇ ಓಟದಲ್ಲಿ. ಆಮೇಲೆ ಪ್ಲಾಸ್ಟರ್ ಮೇಲೆ ಡೇಟು ಟೈಮು ಬರಿಯೋದನ್ನ ಮರೀತಾಳೆ! ಕಾರ್ಪೊರೇಟ್ ಆಸ್ಪತ್ರೆ ಕಾಲೇಜಿಂದ ಬಂದವಳು ಡೇಟು, ಟೈಮು, ಸಹಿ, ವಿಐಪಿ ಸ್ಕೋರು (ಚುಚ್ಚಿದ ಜಾಗ ಕೆಂಪಾಗಿ ಊದಿದ್ಯಾ ಅನ್ನೋ ಲೆಕ್ಕ) ಎಲ್ಲಾ ನೀಟಾಗಿ ಬರೀತಾಳೆ, ಸೂಜಿ ಹಿಡಿದಾಗ ಕೈ ನಡುಗತ್ತೆ. ಯಾಕಂದ್ರೆ ಅಲ್ಲಿ ದುಡ್ಡು ಕೊಟ್ಟು ಅಡ್ಮಿಟ್ ಆಗಿರೋ ಪೇಷಂಟು ಸ್ಟೂಡೆಂಟ್ ಕೈಲಿ ಚುಚ್ಚಿಸ್ಕೊಳ್ಳೋಕೆ ಒಪ್ಪಲ್ಲ, ನಾಲ್ಕು ವರ್ಷ ಪಕ್ಕದಲ್ಲಿ ಟ್ರೇ ಹಿಡ್ಕೊಂಡು ನಿಂತಿದ್ದೇ ಆಗಿರತ್ತೆ. ಮೂರನೇ ಗುಂಪೊಂದಿದೆ, ಕಾಲೇಜಿಗೆ ಸ್ವಂತ ಆಸ್ಪತ್ರೆ ಅಂತ ಇರೋದು ಬೋರ್ಡು ಮಾತ್ರ, ಆ ಹುಡುಗೀರಿಗೆ ಎರಡೂ ಬರಲ್ಲ, ಅವರದ್ದು ತಪ್ಪೂ ಅಲ್ಲ. ಈ ಮೂರರಲ್ಲಿ ನಾನು ಮೊದಲನೆಯವಳನ್ನೇ ತಗೊಳ್ಳೋದು. ಡೇಟ್ ಬರಿಯೋದನ್ನ ಒಂದು ವಾರದಲ್ಲಿ ಕಲಿಸಬಹುದು, ಬೆರಳಿಗೆ ನರ ಗೊತ್ತಾಗೋದನ್ನ ಇಂಡಕ್ಷನ್‌ನಲ್ಲಿ ಕಲಿಸೋಕಾಗಲ್ಲ.

ಹಾಗಂತ ಸರ್ಕಾರಿ ಕಾಲೇಜು ಒಂದೇ ದಾರಿ ಅಂತಲ್ಲ. ಖಾಸಗಿ ಕಾಲೇಜುಗಳಲ್ಲೇ ಸರ್ಕಾರಿ ಆಸ್ಪತ್ರೆ ಜೊತೆ ಒಪ್ಪಂದ ಇರೋವು ಇವೆ. ಮಂಗಳೂರಿನ ಕೆಎಂಸಿ ಮೆಡಿಕಲ್ ಕಾಲೇಜಿನ ಹುಡುಗರು 1950ರ ದಶಕದಿಂದ ಕಲಿತಾ ಬಂದಿರೋದು ಸರ್ಕಾರಿ ವೆನ್ಲಾಕ್ ಆಸ್ಪತ್ರೇಲಿ, ಹೆರಿಗೆ ವಿಭಾಗಕ್ಕೆ ಲೇಡಿ ಗೋಶನ್. ದಾವಣಗೆರೆ ಜೆಜೆಎಂ ಮೆಡಿಕಲ್ ಕಾಲೇಜಿಗೆ ಚಿಗಟೇರಿ ಜಿಲ್ಲಾಸ್ಪತ್ರೆ. ಅಂಥ ಕಡೆ ಓದಿದವರ ಕೈ ನೋಡಿದ್ರೆ ಗೊತ್ತಾಗತ್ತೆ. ಅದಕ್ಕೇ ಪ್ರಾಸ್ಪೆಕ್ಟಸ್‌ನಲ್ಲಿ ಬಿಲ್ಡಿಂಗ್ ಫೋಟೋ, ಬಸ್ ಫೋಟೋ ಬಿಟ್ಟು ಪೋಸ್ಟಿಂಗ್ ಎಲ್ಲೆಲ್ಲಿ ಅಂತ ಓದಿ. ಸೈಕಿಯಾಟ್ರಿಗೆ ನಿಮ್ಹಾನ್ಸೋ ಧಾರವಾಡದ ಡಿಮ್ಹಾನ್ಸೋ ಅಂತ ಇದ್ರೆ ಚಿಂತೆಯಿಲ್ಲ, ಅಲ್ಲಿ ಎಷ್ಟು ವಾರ ಇರ್ತೀವಿ ಅಂತ ಮಾತ್ರ ಕೇಳಿ. ಹೆರಿಗೆ ಪೋಸ್ಟಿಂಗ್ ಬಗ್ಗೆ ಬಿಡದೆ ಕೇಳಿ, ಲಾಗ್‌ಬುಕ್‌ನಲ್ಲಿ ಹೆರಿಗೆ ಮಾಡಿಸಿದೀನಿ ಅಂತ ಸಹಿ ಇರೋವ್ರು ಎಷ್ಟೋ ಜನ ಮಗು ತಲೆ ಹೊರಗೆ ಬರೋದನ್ನ ಬಾಗಿಲ ಹತ್ರ ಇಣುಕಿ ನೋಡಿದವರು.

ಒಬ್ಬ ಸ್ಟೂಡೆಂಟ್‌ಗೆ ಮೂರು ಪೇಷಂಟ್ ಇರ್ಬೇಕು ಅನ್ನೋದು ನರ್ಸಿಂಗ್ ಕೌನ್ಸಿಲ್ ಲೆಕ್ಕ. 60 ಜನರ ಬ್ಯಾಚು ಒಂದೇ ಸಲ ವಾರ್ಡಿಗಿಳಿದ್ರೆ 180 ಪೇಷಂಟ್ ಬೇಕಾಯ್ತು, ಬೆಡ್ ಅಲ್ಲ, ಬೆಡ್ ಮೇಲೆ ಮಲಗಿರೋ ಪೇಷಂಟು. ಮನೆ ಹತ್ರದ ಕಾಲೇಜಿನ ಆಸ್ಪತ್ರೇಲಿ ಅಷ್ಟು ಜನ ಇರ್ತಾರಾ ಅಂತ ನೀವೇ ಯೋಚ್ನೆ ಮಾಡಿ.

ಇನ್ನೊಂದು ವಿಷಯ ಸೇರೋವಾಗ ಯಾರಿಗೂ ಹೊಳೆಯಲ್ಲ. ನಮ್ಮಲ್ಲಿ ಎರಡು ಮೂರು ವರ್ಷ ಕೆಲಸ ಮಾಡಿ ಹುಡುಗೀರು ಜರ್ಮನಿ, ಯುಕೆ, ಗಲ್ಫ್ ಅಂತ ಹೊರಡ್ತಾರೆ. ಆಗ ಟ್ರಾನ್ಸ್‌ಕ್ರಿಪ್ಟ್ ಬೇಕು, ಥಿಯರಿ ಎಷ್ಟು ಗಂಟೆ, ಕ್ಲಿನಿಕಲ್ ಎಷ್ಟು ಗಂಟೆ ಅಂತ ಕಾಲೇಜಿಂದ ಬರೆಸ್ಕೊಂಡು ಬರ್ಬೇಕು. ನಮ್ಮ ಐಸಿಯು ಹುಡುಗಿ ಒಬ್ಬಳು ಹೋಗಿ ನೋಡಿದ್ರೆ ಕಾಲೇಜಿದ್ದ ಬಿಲ್ಡಿಂಗಲ್ಲಿ ಮದುವೆ ಹಾಲ್ ನಡೀತಿತ್ತು. ಪ್ರಿನ್ಸಿಪಾಲ್ ಎಲ್ಲಿ ಅಂತ ಹುಡುಕಿ, ಯೂನಿವರ್ಸಿಟಿಗೆ ಅಲೆದು ಪೇಪರ್ ಮಾಡಿಸ್ಕೊಳ್ಳೋ ಹೊತ್ತಿಗೆ ಆಫರ್ ಬೇರೆಯವರಿಗೆ ಹೋಗಿತ್ತು. ಇಪ್ಪತ್ತು ಮೂವತ್ತು ವರ್ಷದಿಂದ ನಡೀತಿರೋ ಕಾಲೇಜು ನೋಡೋಕೆ ಹಳೇದಾಗಿದ್ರೂ ಪರವಾಗಿಲ್ಲ.

ಈಗ ಆಪ್ಷನ್ ಎಂಟ್ರಿ ಟೈಮಲ್ಲಿ ಸಂಬಂಧಿಕರು, ಅಕ್ಕಪಕ್ಕದವರು ಫೋನ್ ಮಾಡಿ ಯಾವ ಕಾಲೇಜು ಹಾಕ್ಲಿ ಅಂತ ಕೇಳ್ತಾರೆ. ನಾನು ಹೆಸರು ಹೇಳಲ್ಲ, ಮಗಳನ್ನ ಕರ್ಕೊಂಡು ಸೋಮವಾರ ಬೆಳಿಗ್ಗೆ ಹತ್ತಕ್ಕೆ ಆ ಕಾಲೇಜಿನ ಆಸ್ಪತ್ರೆ ಒಪಿಡಿಗೆ ಹೋಗಿ ಅಂತೀನಿ. ಚೀಟಿ ಕೌಂಟರ್ ಮುಂದೆ ಕ್ಯೂ ಎಷ್ಟುದ್ದ ಇದೆ ನೋಡಿ, ಆಮೇಲೆ ಯಾರನ್ನೋ ನೋಡೋಕೆ ಬಂದವರ ಥರ ಜನರಲ್ ವಾರ್ಡ್ ಕಡೆ ಒಂದು ಸುತ್ತು ಹೊಡೀರಿ, ಯೂನಿಫಾರ್ಮ್ ಹಾಕಿರೋ ಸ್ಟೂಡೆಂಟ್ ಸಿಕ್ರೆ ಇವತ್ತು ನಿನಗೆಷ್ಟು ಪೇಷಂಟಮ್ಮಾ ಅಂತ ಕೇಳಿ. ಭಾನುವಾರ ಮಾತ್ರ ಹೋಗ್ಬೇಡಿ, ಭಾನುವಾರ ನಮ್ಮ ಒಪಿಡಿನೂ ಖಾಲಿ.