ಕೀಹೋಲ್ ಕೊರಕಲಿನಲ್ಲಿ ಒಂದು ಬೆಳಗು

ಕಳೆದ ವರ್ಷ ಸಂಕ್ರಾಂತಿಯ ಹೊತ್ತಿಗೆ ಫೀನಿಕ್ಸ್‌ನಲ್ಲಿರುವ ನನ್ನ ತಮ್ಮ ಫೋನ್ ಮಾಡಿ, “ಅಕ್ಕ, ಈ ಸಲ ಬಂದಾಗ ಬರೀ ಊರು ಸುತ್ತೋದು ಬೇಡ, ಒಂದು ಕೊರಕಲು ಇಳಿಯೋಣ” ಎಂದಾಗ ನಾನು ಹಿಂದುಮುಂದು ನೋಡದೆ ಆಗುವುದಿಲ್ಲ ಎಂದುಬಿಟ್ಟೆ. ಅವನು ಹೇಳುತ್ತಿದ್ದುದು ಯೂಟಾ ರಾಜ್ಯದ ಝಯಾನ್ ರಾಷ್ಟ್ರೀಯ ಉದ್ಯಾನದಲ್ಲಿರುವ ಕೀಹೋಲ್ ಎಂಬ ಕಿರುಗಣಿವೆಯ ವಿಷಯ. ಅಲ್ಲಿನವರು ಸ್ಲಾಟ್ ಕ್ಯಾನಿಯನ್ ಎಂದು ಕರೆಯುವ ಈ ಕೊರಕಲುಗಳು ಅಗಲಕ್ಕಿಂತ ಎಷ್ಟೋ ಪಟ್ಟು ಆಳವಾಗಿರುತ್ತವೆ. ಕೆಲವೆಡೆ ಎರಡು ಕೈ ಚಾಚಲೂ ಜಾಗವಿರುವುದಿಲ್ಲ, ತಲೆಯ ಮೇಲಿನ ಆಕಾಶ ರಿಬ್ಬನ್ನಿನ ಪಟ್ಟಿಯಷ್ಟೇ ಕಾಣುತ್ತದೆ. ಮರುಭೂಮಿಯ ಬಂಡೆಯನ್ನು ಹೀಗೆ ಸೀಳಿರುವುದು ಮಳೆಯ ನೀರು. ನಾನು ಬೇಡವೆಂದದ್ದೂ ನೀರಿನ ಕಾರಣಕ್ಕೇ.

ನಮ್ಮ ಮನೆ ಇರುವುದು ಬೆಂಗಳೂರಿನ ಪೂರ್ವ ಭಾಗದ ಒಂದು ತಗ್ಗು ಬಡಾವಣೆಯಲ್ಲಿ. 2022ರ ಸೆಪ್ಟೆಂಬರ್ ಮೊದಲ ವಾರ, ರಾತ್ರಿ ಮಳೆ ನಿಂತು ಎರಡು ಗಂಟೆಯಾದ ಮೇಲೆ, ಇನ್ನು ಭಯವಿಲ್ಲವೆಂದು ನಾವು ಮಲಗಿದ ಮೇಲೆ, ಮುಂಬಾಗಿಲ ಸಂದಿಯಿಂದ ನೀರು ಒಳಗೆ ಬಂತು. ಮೇಲಿನ ಕೆರೆ ಕೋಡಿ ಬಿದ್ದು, ರಾಜಕಾಲುವೆ ತುಂಬಿ, ಎಲ್ಲೋ ಸುರಿದ ಮಳೆ ನಮ್ಮ ನಡುಮನೆಯಲ್ಲಿ ನಿಂತಿತ್ತು. ಆ ನೀರು ಇಳಿದು ಹೋದ ಮೇಲೆ ಗೋಡೆಯ ಮೇಲೆ ನೆಲದಿಂದ ಎರಡು ಅಡಿ ಎತ್ತರದಲ್ಲಿ ಒಂದು ಕಂದು ಗೆರೆ ಉಳಿಯಿತು. ಎರಡು ಸಲ ಬಣ್ಣ ಹೊಡೆಸಿದರೂ ಮಳೆಗಾಲದಲ್ಲಿ ತೇವ ಹಿಡಿದಾಗ ಅದು ಮತ್ತೆ ಮೂಡುತ್ತದೆ. ಸಂಜೆ ದೀಪ ಹಚ್ಚುವಾಗ ಆ ಗೆರೆ ಕಣ್ಣಿಗೆ ಬಿದ್ದರೆ ಅಂದಿನ ಸದ್ದು ಈಗಲೂ ಕಿವಿಗೆ ಬರುತ್ತದೆ. ಇಂಥ ನಾನು ಬೇಕೆಂದೇ ಹೋಗಿ, ಪ್ರವಾಹ ಬರುವ ಓಣಿಯೊಳಗೆ ಇಳಿಯುವುದೆಂದರೇನು?

ತಮ್ಮ ಒತ್ತಾಯ ಮಾಡಲಿಲ್ಲ, ಆದರೆ ಬಿಡಲೂ ಇಲ್ಲ. ದಕ್ಷಿಣ ಯೂಟಾದಲ್ಲಿ ಹಠಾತ್ ಪ್ರವಾಹದ ಕಾಲ ಜುಲೈ ನಡುವಿನಿಂದ ಸೆಪ್ಟೆಂಬರ್‌ವರೆಗೆ, ಜೂನ್ ತಿಂಗಳು ಅಲ್ಲಿ ವರ್ಷದಲ್ಲೇ ಅತಿ ಒಣ ತಿಂಗಳು ಎಂದು ವಿವರಿಸಿದ. ಹವಾಮಾನ ಇಲಾಖೆಯವರು ಪ್ರತಿದಿನ ಪ್ರವಾಹದ ಮುನ್ಸೂಚನೆಯನ್ನು ನಾಲ್ಕು ಹಂತಗಳಲ್ಲಿ ಪ್ರಕಟಿಸುತ್ತಾರೆಂದೂ, ಮೊದಲ ಹಂತವಾದ ‘ನಿರೀಕ್ಷೆಯಿಲ್ಲ’ ಎಂಬುದನ್ನು ಬಿಟ್ಟು ಬೇರೇನಿದ್ದರೂ ತಾನೇ ಎಲ್ಲರನ್ನೂ ವಾಪಸ್ಸು ಕರೆದುಕೊಂಡು ಬರುತ್ತೇನೆಂದೂ ಹೇಳಿದ. ನಾನು ಮುಚ್ಚಿಡದೆ ಕೇಳಿದೆ: “ಅಲ್ಲಿ ಯಾರಾದರೂ ಸತ್ತಿದ್ದಾರಾ?” ಅವನೂ ಮುಚ್ಚಿಡಲಿಲ್ಲ. 2015ರ ಸೆಪ್ಟೆಂಬರ್ 14ರಂದು ಇದೇ ಕೀಹೋಲ್‌ಗೆ ಇಳಿದ ಏಳು ಜನರ ತಂಡ ಹಠಾತ್ ಪ್ರವಾಹಕ್ಕೆ ಸಿಕ್ಕಿ, ಏಳೂ ಜನ ತೀರಿಕೊಂಡಿದ್ದರು. ಅವನು ಅದನ್ನು ಹೇಳದೇ ಇದ್ದಿದ್ದರೆ ನಾನು ಖಂಡಿತ ಹೋಗುತ್ತಿರಲಿಲ್ಲ. ಹೇಳಿದ್ದರಿಂದಲೇ ಅವನ ಎಚ್ಚರಿಕೆಯ ಮೇಲೆ ನನಗೆ ನಂಬಿಕೆ ಹುಟ್ಟಿತು.

ಹೀಗೆ ಫೆಬ್ರುವರಿಯಲ್ಲಿ ನಾನೂ ನಮ್ಮ ಯಜಮಾನರೂ ಮೂರು ಭಾನುವಾರ ರಾಮನಗರದ ಕಡೆಯ ಬಂಡೆಗಳಲ್ಲಿ ಹಗ್ಗದ ಮೇಲೆ ಇಳಿಯುವುದನ್ನು ಕಲಿತೆವು. ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮವಾಗಿರುವುದರಿಂದ ನಮ್ಮ ತರಬೇತುದಾರರು ಅದನ್ನು ಬಿಟ್ಟು ಬೇರೊಂದು ಗುಡ್ಡಕ್ಕೆ ಕರೆದೊಯ್ದರು. ಮೊದಲ ದಿನ ಮೂವತ್ತು ಅಡಿಯ ಬಂಡೆಯ ಅಂಚಿನಲ್ಲಿ ನಿಂತು ನಾನು ಎಷ್ಟು ಹೊತ್ತು ಬೆವರಿದೆನೋ ಲೆಕ್ಕವಿಲ್ಲ. ಕೈಯಲ್ಲಿ ಹಗ್ಗವಿದೆ, ಸೊಂಟಕ್ಕೆ ಹಾರ್ನೆಸ್ ಇದೆ, ಕೆಳಗೆ ಒಬ್ಬರು ಹಗ್ಗದ ತುದಿ ಹಿಡಿದು ನಿಂತಿದ್ದಾರೆ, ನನ್ನ ಕೈ ಜಾರಿದರೆ ಅವರು ಹಗ್ಗವನ್ನು ಎಳೆದ ಕೂಡಲೇ ನಾನು ನಿಂತುಬಿಡುತ್ತೇನೆ. ಎಲ್ಲವೂ ತಿಳಿದಿದೆ, ಆದರೆ ಬೆನ್ನನ್ನು ಶೂನ್ಯದ ಕಡೆ ಒರಗಿಸಲು ಮೈ ಒಪ್ಪುವುದಿಲ್ಲ. “ಮೇಡಂ, ಹಗ್ಗದ ಮೇಲೆ ಕೂತ್ಕೊಳ್ಳಿ, ಕುರ್ಚಿ ಮೇಲೆ ಕೂತ ಹಾಗೆ” ಎಂದು ಆ ಹುಡುಗ ಇಪ್ಪತ್ತು ಸಲವಾದರೂ ಬೇಸರವಿಲ್ಲದೆ ಹೇಳಿದ. ಇಪ್ಪತ್ತೊಂದನೆಯ ಸಲ ಕೂತೆ. ಬರುವಾಗ ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನುವಾಗ ಬೆರಳುಗಳು ಇನ್ನೂ ನಡುಗುತ್ತಿದ್ದವು.

ಜೂನ್‌ನಲ್ಲಿ ನಾವು ಫೀನಿಕ್ಸ್‌ನಿಂದ ಉತ್ತರಕ್ಕೆ ಹೊರಟೆವು. ದಾರಿಯಲ್ಲಿ ಪೇಜ್ ಪಟ್ಟಣದ ಹತ್ತಿರ, ನವಾಹೊ ಜನರ ನೆಲದಲ್ಲಿರುವ ಆಂಟಿಲೋಪ್ ಕ್ಯಾನಿಯನ್‌ನ ಕೆಳಭಾಗವನ್ನು ನೋಡಿದೆವು. ಅಲ್ಲಿಗೆ ನವಾಹೊ ಮಾರ್ಗದರ್ಶಿಗಳ ಜೊತೆಯಲ್ಲೇ ಹೋಗಬೇಕು. ಈಗ ಬಂಡೆಗೆ ಭದ್ರವಾಗಿ ಬಿಗಿದ ಕಬ್ಬಿಣದ ಮೆಟ್ಟಿಲುಗಳಿವೆ. 1997ರ ಆಗಸ್ಟ್ 12ರಂದು ಇಲ್ಲಿ 11 ಪ್ರವಾಸಿಗರು ಕೊಚ್ಚಿಹೋದರು. ಮಳೆ ಬಿದ್ದದ್ದು ಕೊರಕಲಿನ ಮೇಲಲ್ಲ, ಹಲವು ಕಿಲೋಮೀಟರ್ ದೂರದಲ್ಲಿ. ಆ ನೆಲದಲ್ಲಿ ಮಣ್ಣೂ ಹುಲ್ಲೂ ಅತ್ಯಲ್ಪ, ಬಹುತೇಕ ಬರಿಯ ಬಂಡೆ. ಬಿದ್ದ ಹನಿ ಇಂಗುವುದಿಲ್ಲ, ಸುತ್ತಲಿನ ವಿಶಾಲ ಬಯಲಿನ ನೀರೆಲ್ಲ ಒಂದೇ ಸೀಳಿಗೆ ನುಗ್ಗುತ್ತದೆ. ಕಾಂಕ್ರೀಟ್ ಹಾಸಿದ ನಮ್ಮ ಊರಿನಲ್ಲೂ ನಡೆಯುವುದು ಇದೇ ಎಂದು ನಾನು ಮೆಟ್ಟಿಲಿನ ಮೇಲೆ ನಿಂತು ಯಜಮಾನರಿಗೆ ಹೇಳಿದೆ. ಅವರು ಏನೂ ಹೇಳದೆ ನನ್ನ ಕೈ ಹಿಡಿದುಕೊಂಡರು.

ಆ ರಾತ್ರಿ ಕನಾಬ್‌ನಲ್ಲಿ ಉಳಿದೆವು. ಬೆಳಗಿನ ಜಾವ ತಮ್ಮ ಮುನ್ಸೂಚನೆ ನೋಡಿ ನನಗೂ ತೋರಿಸಿದ: ನಿರೀಕ್ಷೆಯಿಲ್ಲ. ಪರವಾನಗಿಯನ್ನು ಮೊದಲೇ ಪಡೆದಿದ್ದೆವು. ನಾವು ಆರು ಮಂದಿ: ನಾನು, ಯಜಮಾನರು, ತಮ್ಮ, ಹದಿನೈದು ವರ್ಷದ ಅವನ ಮಗಳು, ಜೊತೆಗೆ ಮೈಸೂರಿನಿಂದ ಹೋಗಿ ಅಲ್ಲೇ ನೆಲೆಸಿರುವ, ಇಂಥ ಕೊರಕಲುಗಳನ್ನು ವರ್ಷಗಳಿಂದ ಇಳಿದಿರುವ ಅವನ ಗೆಳೆಯ ಮತ್ತು ಅವರ ಪತ್ನಿ. ತಮ್ಮನ ಹೆಂಡತಿ ಇಳಿಯಲಿಲ್ಲ. ರಸ್ತೆ ಬದಿಯಲ್ಲಿ ಕಾರಿನಲ್ಲಿದ್ದು, ನಾವು ಹೇಳಿದ ಹೊತ್ತಿಗೆ ಹೊರಬರದಿದ್ದರೆ ಉದ್ಯಾನದವರಿಗೆ ತಿಳಿಸುವ ಹೊಣೆ ಅವಳದು. ಅಂಥ ಒಬ್ಬರು ಹೊರಗಿರಲೇಬೇಕೆಂದು ಗೆಳೆಯರು ಹಟ ಹಿಡಿದಿದ್ದರು, ಮತ್ತು ಅದು ಸರಿಯಾದ ಹಟವೆಂದೇ ನನ್ನ ಅಭಿಪ್ರಾಯ.

ರಸ್ತೆಯಿಂದ ಮೇಲಕ್ಕೆ ಹತ್ತುವ ದಾರಿಯೆಲ್ಲ ಬೋಳು ಮರಳುಗಲ್ಲು. ಬಂಡೆಯ ಮೈಮೇಲೆ ಓರೆಯಾಗಿ ಎಳೆದಂಥ ಸಾವಿರಾರು ತೆಳು ಗೆರೆಗಳು, ಒಂದು ಪದರದ ಗೆರೆಗಳು ಒಂದು ದಿಕ್ಕಿಗೆ ವಾಲಿದರೆ ಅದರ ಮೇಲಿನ ಪದರದವು ಇನ್ನೊಂದು ದಿಕ್ಕಿಗೆ. ಅವು ಸುಮಾರು 18–19 ಕೋಟಿ ವರ್ಷಗಳ ಹಿಂದೆ ಗಾಳಿ ಕೂಡಿಹಾಕಿದ ಮರಳದಿಬ್ಬಗಳ ಇಳಿಜಾರುಗಳಂತೆ. ಮೇಲಿಂದ ಮೇಲೆ ಬಿದ್ದ ದಿಬ್ಬಗಳು ಗಟ್ಟಿಯಾಗಿ ನವಾಹೊ ಮರಳುಗಲ್ಲು ಆಗಿವೆ. ಕಬ್ಬಿಣದ ಅಂಶದಿಂದ ಕೆಂಪಾಗಿವೆ. ನಮ್ಮ ಲಾಲ್‌ಬಾಗ್ ಬಂಡೆ ಸುಮಾರು 300 ಕೋಟಿ ವರ್ಷದ್ದು. ಅದರ ಮುಂದೆ ಇದು ಎಳೆಯ ಕಲ್ಲು, ಮೆತ್ತನೆಯ ಕಲ್ಲು. ಬೆರಳಿನಿಂದ ಉಜ್ಜಿದರೆ ಸಕ್ಕರೆಯಂತೆ ಮರಳು ಉದುರುತ್ತದೆ. ಮೊದಲೇ ಇದ್ದ ಬಿರುಕಿಗೆ ಪ್ರವಾಹದ ನೀರು ಹೊಕ್ಕು, ತಾನು ಹೊತ್ತುತಂದ ಮರಳು ಜಲ್ಲಿಗಳಿಂದಲೇ ಬಂಡೆಯನ್ನು ಅರೆದು ಓಣಿ ಮಾಡಿದೆ. ಮೇಕೆದಾಟಿನ ಬಂಡೆಗಳಲ್ಲಿ ಕಾವೇರಿ ಕೊರೆದ ಗುಂಡಿಗಳನ್ನು ನೋಡಿದವರಿಗೆ ಈ ಕೆಲಸ ಹೊಸದಾಗಿ ಕಾಣುವುದಿಲ್ಲ.

ಕೊರಕಲಿನ ಬಾಯಿಯಲ್ಲಿ ಎಲ್ಲರೂ ವೆಟ್‌ಸೂಟ್ ತೊಟ್ಟೆವು. ಹೊರಗೆ ಬಿಸಿಲು ಸುಡುತ್ತಿದ್ದಾಗ ಆ ದಪ್ಪ ರಬ್ಬರ್ ಬಟ್ಟೆಯೊಳಗೆ ಮೈ ತೂರಿಸುವುದು ಹಿಂಸೆ, ಆದರೆ ಬಿಸಿಲೇ ಕಾಣದ ಆ ನೀರಿನಲ್ಲಿ ಅದಿಲ್ಲದೆ ನಡೆಯುವುದಿಲ್ಲ. ಮೊದಲ ಹಗ್ಗದಿಳಿತ ಚಿಕ್ಕದು. ಗೆಳೆಯರು ಮುಂದೆ ಇಳಿದು ಹಗ್ಗದ ತುದಿ ಹಿಡಿದು ನಿಂತರು, ಮಿಕ್ಕವರು ಒಬ್ಬೊಬ್ಬರಾಗಿ ಇಳಿದೆವು, ತಮ್ಮ ಕೊನೆಗೆ ಬಂದ. ಆಮೇಲೆ ನಡೆದದ್ದೇ ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಆಳವಾಗಿ ಕೂತಿದೆ. ರಾಮನಗರದಲ್ಲಿ ಹಗ್ಗ ದಿನವಿಡೀ ಮೇಲೆ ಕಟ್ಟಿಯೇ ಇರುತ್ತಿತ್ತು. ಇಳಿಯುತ್ತಿದ್ದೆವು, ಹಿಂಭಾಗದ ಮೆಟ್ಟಿಲಿನಿಂದ ಮತ್ತೆ ಹತ್ತುತ್ತಿದ್ದೆವು. ಇಲ್ಲಿ ಬಂಡೆಗೆ ಬಡಿದ ಬಳೆಯೊಳಗೆ ಹಗ್ಗವನ್ನು ಇಮ್ಮಡಿಯಾಗಿ ಪೋಣಿಸಿರುತ್ತಾರೆ. ಕೊನೆಯವನು ಇಳಿದ ಮೇಲೆ ಒಂದು ಎಳೆಯನ್ನು ಹಿಡಿದು ಜಗ್ಗುತ್ತಾರೆ, ಇನ್ನೊಂದು ಎಳೆ ಮೇಲೆ ಸರಿಯುತ್ತಾ ಹೋಗಿ ಬಳೆಯಿಂದ ಕಳಚಿ ಕೆಳಗೆ ಬೀಳುತ್ತದೆ. ಮುಂದಿನ ಇಳಿತಕ್ಕೂ ಅದೇ ಹಗ್ಗ ಬೇಕು. ಆದರೆ ಅದು ಬಿದ್ದ ಮೇಲೆ ಹಿಂದಕ್ಕೆ ಹೋಗುವ ದಾರಿಯಿಲ್ಲ. ತಮ್ಮ ಜಗ್ಗುವ ಮೊದಲು ನನ್ನ ಮುಖ ನೋಡಿದ. “ಅಕ್ಕ, ಎಳೀಲಾ?” ಎಂದ. ನಾನು ತಲೆಯೆತ್ತಿ ಆಕಾಶದ ಪಟ್ಟಿ ನೋಡಿದೆ, ನೀಲಿಯಾಗಿತ್ತು. ನೀಲಿಯಾಗಿರುವುದಕ್ಕೆ ಅರ್ಥವೇನೂ ಇಲ್ಲವೆಂದು ನನಗೆ ಗೊತ್ತು, ಅಂದು ರಾತ್ರಿ ನಮ್ಮ ಬಡಾವಣೆಯ ಮೇಲೂ ಮಳೆ ನಿಂತೇ ಇತ್ತು. “ಎಳಿ” ಎಂದೆ. ಹಗ್ಗದ ತುದಿ ಗಾಳಿಯಲ್ಲಿ ಸುಂಯ್ ಎಂದು ಬಂದು ನಮ್ಮ ಕಾಲ ಬಳಿ ಬಿತ್ತು.

ಮುಂದೆ ಗೋಡೆಗಳು ಹತ್ತಿರವಾದವು. ಬೆಳಕು ಮೇಲಿಂದ ನೇರವಾಗಿ ಬೀಳುವುದಿಲ್ಲ; ಒಂದು ಗೋಡೆಗೆ ತಾಗಿ, ಎದುರು ಗೋಡೆಗೆ ಚಿಮ್ಮಿ, ಇಳಿಯುತ್ತ ಇಳಿಯುತ್ತ ಕಿತ್ತಳೆಯಿಂದ ಕೆಂಪಿಗೆ, ಕೆಂಪಿನಿಂದ ನೇರಳೆಗೆ ತಿರುಗುತ್ತದೆ. ತಾಮ್ರದ ಹಂಡೆಯೊಳಗೆ ತಲೆ ತೂರಿಸಿ ನೋಡಿದರೆ ಒಳಮೈ ಹೇಗೆ ಹೊಳೆಯುತ್ತದೋ ಹಾಗಿತ್ತು. ಗೋಡೆಗಳಲ್ಲಿ ಎಲ್ಲಿಯೂ ಮೂಲೆಯಿಲ್ಲ, ಎಲ್ಲವೂ ನೀರು ಸುಳಿದ ಹಾಗೆಯೇ ಬಾಗಿದೆ. ಅಂಗೈ ಇಟ್ಟರೆ ಕಲ್ಲು ತಣ್ಣಗಿತ್ತು. ನಾನು ಅಷ್ಟು ಸೌಂದರ್ಯವನ್ನು ಅಷ್ಟು ಹತ್ತಿರದಿಂದ ಬೇರೆಲ್ಲೂ ಕಂಡಿಲ್ಲ.

ಆಗ ಸೊಸೆ ಮೇಲೆ ಕೈ ತೋರಿಸಿ, “ಅತ್ತೆ, ಅಲ್ಲಿ ನೋಡಿ” ಎಂದಳು. ನಮ್ಮ ತಲೆಯ ಮೇಲೆ, ಮೂರಾಳೆತ್ತರದಲ್ಲಿ, ಒಂದು ಮರದ ದಿಮ್ಮಿ ಎರಡು ಗೋಡೆಗಳ ನಡುವೆ ಅಡ್ಡಲಾಗಿ ಸಿಕ್ಕಿಕೊಂಡಿತ್ತು. ತೊಗಟೆ ಸುಲಿದುಹೋಗಿ, ತುದಿಗಳು ಕುಂಚದಂತೆ ನಾರುನಾರಾಗಿದ್ದವು. ಅದಕ್ಕೆ ಒಣಗಿದ ಬೇರು, ಹುಲ್ಲು ಸುತ್ತಿಕೊಂಡಿದ್ದವು. ಅದನ್ನು ಅಲ್ಲಿ ಇಟ್ಟದ್ದು ನೀರು. ನೀರು ಅಷ್ಟು ಎತ್ತರಕ್ಕೆ ಬಂದಿತ್ತು. ನಮ್ಮ ನಡುಮನೆಯ ಎರಡು ಅಡಿಯ ಗೆರೆ ನೆನಪಾಗಿ, ನಾನು ಮನಸ್ಸಿನಲ್ಲೇ ಆ ದಿಮ್ಮಿಯಿಂದ ನನ್ನ ಕಾಲಿನವರೆಗೆ ಅಳೆದೆ. ಆ ಏಳು ಜನರು ನಡೆದದ್ದೂ ಇದೇ ಓಣಿಯಲ್ಲಿ. ಅವರೂ ಹೀಗೆಯೇ ತಲೆಯೆತ್ತಿ ಬೆಳಕನ್ನು ನೋಡಿ ಹಿಗ್ಗಿರಬೇಕು, ಒಬ್ಬರಿಗೊಬ್ಬರು ತೋರಿಸಿರಬೇಕು. ನಾನು ಕೈ ಮುಗಿದೆ. ಯಾರೂ ಏಕೆಂದು ಕೇಳಲಿಲ್ಲ.

ಕೊನೆಯ ಇಳಿತ ಸುಮಾರು ಮೂವತ್ತು ಅಡಿ, ಕತ್ತಲೆಯೊಳಕ್ಕೆ. ಕೆಳಗೆ ಗೆಳೆಯರ ಹೆಲ್ಮೆಟ್ಟಿನ ದೀಪ ಮಾತ್ರ ಕಾಣುತ್ತಿತ್ತು. ಹಗ್ಗದ ಮೇಲೆ ಕೂತು ಇಳಿದೆ. ಪಾದ ನೀರಿಗೆ ತಾಗಿ, ಮೊಣಕಾಲು, ಸೊಂಟ, ಎದೆ ಮುಳುಗಿದಾಗ ಉಸಿರು ಅಲ್ಲೇ ನಿಂತಿತು. “ಮಾತಾಡಿ ಅಕ್ಕ, ಏನಾದರೂ ಮಾತಾಡಿ” ಎಂದು ಅವರು ಕೂಗಿದರು. ಮಾತಾಡಿದರೆ ಉಸಿರು ತಾನಾಗಿ ಹಿಡಿತಕ್ಕೆ ಬರುತ್ತದಂತೆ. ನನಗೆ ಬಾಯಿಗೆ ಬಂದದ್ದು ಮಗ್ಗಿ. ಹದಿಮೂರರ ಮಗ್ಗಿ ಹೇಳುತ್ತ, ಎರಡು ಭುಜವೂ ಗೋಡೆಗೆ ತಾಗುವಷ್ಟು ಕಿರಿದಾದ ಆ ನೀರೋಣಿಯಲ್ಲಿ ನಾಯಿಯಂತೆ ಕೈ ಬಡಿಯುತ್ತ ಈಜಿದೆ. ಹಿಂದಿನಿಂದ ಬರುತ್ತಿದ್ದ ಸೊಸೆಯ ಹಲ್ಲುಗಳು ಕಟಕಟಿಸುವುದು ಕೇಳಿಸುತ್ತಿತ್ತು. ನಾನು ಹದಿನಾಲ್ಕರ ಮಗ್ಗಿ ಶುರುಮಾಡಿದೆ, ಅವಳೂ ನನ್ನ ಜೊತೆ ಇಂಗ್ಲಿಷಿನಲ್ಲಿ ಎಣಿಸಿದಳು. ಯಜಮಾನರ ಮೊಣಕಾಲಿಗೆ ಚಳಿ ಹಿಡಿದು ನೋವಾದಾಗ ತಮ್ಮ ಅವರ ಬ್ಯಾಗನ್ನೂ ತಾನೇ ಹೊತ್ತು, ಬೆನ್ನಿಗೆ ಕೈ ಕೊಟ್ಟು ದೂಡಿಕೊಂಡು ಬಂದ. ಹದಿನಾಲ್ಕೆಂಟಲ ಎಂಬಲ್ಲಿಗೆ ನನ್ನ ಕಾಲಿಗೆ ಮರಳು ಸಿಕ್ಕಿತು.

ಹೊರಗೆ ಬಂದರೆ ಬೆಳಕು ಕಣ್ಣಿಗೆ ಚುಚ್ಚಿತು. ರಸ್ತೆ ಅಲ್ಲೇ ಹತ್ತಿರದಲ್ಲಿತ್ತು. ತಮ್ಮನ ಹೆಂಡತಿ ಓಡಿ ಬಂದು ಒಬ್ಬೊಬ್ಬರನ್ನೂ ಮುಟ್ಟಿ ಎಣಿಸಿದಳು. ಬಿಸಿ ಬಂಡೆಗೆ ಬೆನ್ನು ಕೊಟ್ಟು, ಸುಕ್ಕುಗಟ್ಟಿದ ಬೆರಳುಗಳಿಂದ ಅವಳು ತಂದಿದ್ದ ಪುಳಿಯೋಗರೆ ತಿಂದೆವು. ಅಷ್ಟು ರುಚಿಯಾದ ಊಟ ಮಾಡಿ ಎಷ್ಟು ಕಾಲವಾಗಿತ್ತೋ.

ಊಟ ಮುಗಿಯುವ ಹೊತ್ತಿಗೆ ಪೂರ್ವದ ಅಂಚಿನಲ್ಲಿ ಹಿಡಿ ಅರಳೆಯಷ್ಟು ಒಂದು ಬಿಳಿ ಮೋಡ ಕಂಡಿತು. ಅದೇ ಹೊತ್ತಿಗೆ ಒಬ್ಬ ಹುಡುಗ ಮತ್ತು ಹುಡುಗಿ, ಇಪ್ಪತ್ತೆರಡು ಇಪ್ಪತ್ಮೂರರ ಪ್ರಾಯದವರು, ಕಾರು ನಿಲ್ಲಿಸಿ ಹಗ್ಗದ ಚೀಲ ಹೊತ್ತು ಮೇಲಕ್ಕೆ ಹೊರಟರು. ತಮ್ಮ ಹೋಗಿ ಅವರನ್ನು ಮಾತಾಡಿಸಿದ. ಅವರ ಬಳಿಯೂ ಪರವಾನಗಿಯಿತ್ತು, ಅವರೂ ಮುನ್ಸೂಚನೆ ನೋಡಿದ್ದರು, ವೆಟ್‌ಸೂಟ್ ಇತ್ತು. ತಪ್ಪು ಹುಡುಕುವಂಥದ್ದು ಏನೂ ಇರಲಿಲ್ಲ. ಅವರು ಕೈ ಬೀಸಿ ಹೋದರು. ತಮ್ಮ ಕಾರಿನ ಬೀಗದ ಕೈ ತೆಗೆದು, “ಏಳು ಅಕ್ಕ, ಹೊರಡೋಣ” ಎಂದ.

“ಅವರು ಬರಲಿ” ಎಂದೆ.

ಅವನು ನನ್ನನ್ನೊಮ್ಮೆ, ಮೋಡವನ್ನೊಮ್ಮೆ ನೋಡಿ, ಬೀಗದ ಕೈಯನ್ನು ಮತ್ತೆ ಜೇಬಿಗೆ ಹಾಕಿಕೊಂಡ. ಯಾರೂ ಗೊಣಗಲಿಲ್ಲ. ಸೊಸೆ ಕಾರಿನ ಹಿಂದಿನ ಸೀಟಿನಲ್ಲಿ ನಿದ್ದೆ ಹೋದಳು, ಯಜಮಾನರು ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡರು. ಮೋಡ ಒಂದು ಗಂಟೆಯೊಳಗೆ ಚದುರಿ ಹೋಯಿತು, ಆದರೂ ನಾವು ಏಳಲಿಲ್ಲ. ಎರಡು ಗಂಟೆ ಇಪ್ಪತ್ತು ನಿಮಿಷದ ಮೇಲೆ ಆ ಇಬ್ಬರೂ ತೊಪ್ಪೆಯಾಗಿ, ನಗುತ್ತ ಹೊರಬಂದು, ನಾವು ಇನ್ನೂ ಅಲ್ಲೇ ಕೂತಿರುವುದನ್ನು ಕಂಡು ಕೈಯೆತ್ತಿದರು. ನಾನೂ ಕೈಯೆತ್ತಿದೆ. ಆಮೇಲೆ ಹೊರಟೆವು.