ಬಣ್ಣ ಅವರದ್ದು, ಬೆಳಕು ನಿಮ್ಮದು

‘ಫೋಟೋ ನ್ಯಾಚುರಲ್ ಆಗಿ ಬರಲಿ’ ಎಂದು ಕ್ಲೈಂಟ್ ಫೋಟೋಗ್ರಾಫರ್‌ಗೆ ಹೇಳುವ ಮಾತಿಗೆ ಕಡಿಮೆಯೆಂದರೂ ಮೂರು ಅರ್ಥ. ಒಬ್ಬರಿಗೆ ಫ್ಲ್ಯಾಶ್ ಬೇಡ, ಇನ್ನೊಬ್ಬರಿಗೆ ಪೋಸ್ ಬೇಡ, ಮತ್ತೊಬ್ಬರಿಗೆ ಮುಖ ತಿದ್ದುವುದು ಬೇಡ. ಬರೀ ಮಾತು ನಂಬಿ ಕೆಲಸ ಒಪ್ಪಿಕೊಂಡರೆ ಆಮೇಲೆ ಮನಸ್ತಾಪ ತಪ್ಪಿದ್ದಲ್ಲ. ಮೊದಲ ಭೇಟಿಯಲ್ಲೇ ಕ್ಲೈಂಟ್ ಹತ್ತಿರ ಫೋಟೋಗಳನ್ನು ಕೇಳಿ: ಎಲ್ಲಾದರೂ ನೋಡಿ ಇಷ್ಟಪಟ್ಟ 10, ನಿಮ್ಮ ಕೆಲಸದಲ್ಲಿ ಹಿಡಿಸಿದ 5, ಹಿಡಿಸದ 3. ಆ ಕೊನೆಯ ಮೂರನ್ನು ಕೇಳಲು ಮುಜುಗರ ಬೇಡ. ಅವರ ಮನಸ್ಸಿನಲ್ಲಿ ಏನಿದೆ ಎನ್ನುವುದು ಹೆಚ್ಚಾಗಿ ತಿಳಿಯುವುದು ಅವುಗಳಿಂದಲೇ.

ಅವರು ಕೊಟ್ಟ ಹತ್ತನ್ನೂ ಪಕ್ಕಪಕ್ಕ ಇಟ್ಟು ನೆರಳು ನೋಡಿ. ಅಂಚು ಚೂಪಾಗಿದೆಯೋ ಮೆತ್ತಗಿದೆಯೋ, ಬೆಳಕು ಯಾವ ಕಡೆಯಿಂದ ಬಿದ್ದಿದೆ? ಎಲ್ಲವೂ ಇಳಿಬಿಸಿಲಿನವು, ಆದರೆ ಶೂಟ್ ಇರುವುದು ಮಧ್ಯಾಹ್ನ 12ಕ್ಕೆ ಎಂದಾದರೆ ಅಂದೇ ಬಾಯಿಬಿಟ್ಟು ಹೇಳಿ. ಎಡಿಟಿಂಗ್‌ನಲ್ಲಿ ಬಣ್ಣ ಬೆಚ್ಚಗಾದೀತು, ಕಣ್ಣಿನ ಗುಳಿಯ ನೆರಳು ಹೋಗದು.

ಇನ್ನು ನಿಮ್ಮ ಶೈಲಿ. ಪ್ರೀಸೆಟ್ಟನ್ನೇ (ಒಂದೇ ಸಲಕ್ಕೆ ಫೋಟೋದ ಬಣ್ಣ ಬದಲಿಸುವ ಸಿದ್ಧ ಸೆಟ್ಟಿಂಗ್) ಶೈಲಿ ಎಂದುಕೊಳ್ಳುವವರು ಬಹಳ ಮಂದಿ. ನಿಮ್ಮ 20 ಫೋಟೋಗಳನ್ನು ಕಪ್ಪು-ಬಿಳುಪು ಮಾಡಿ ನೋಡಿ. ಆಗಲೂ ಉಳಿಯುವುದೇನೋ ಅದೇ ನಿಮ್ಮದು. ಎಲ್ಲಿ ನಿಂತಿರಿ, ಯಾವ ಕ್ಷಣಕ್ಕೆ ಒತ್ತಿದಿರಿ, ಬೆಳಕನ್ನು ಹೇಗೆ ಬಳಸಿದಿರಿ ಎಂಬುದು. ಅದನ್ನು ಬಿಟ್ಟುಕೊಡಬೇಡಿ. ಬಣ್ಣದಲ್ಲಿ ಮಾತ್ರ ಧಾರಾಳವಾಗಿ ರಾಜಿಯಾಗಬಹುದು, ಆಗಲೇಬೇಕು ಕೂಡ. ಕಿತ್ತಳೆ-ನೀಲಿ ಛಾಯೆಯ ಪ್ರೀಸೆಟ್ ಹಾಕಿದಾಗ ಹಳದಿಯೂ ಕೆಂಪೂ ಕಿತ್ತಳೆಯ ಕಡೆಗೆ ಜಾರುತ್ತವೆ, ಹಸಿರು ಮಾಸುತ್ತದೆ. ತಿಂಗಳುಗಟ್ಟಲೆ ಹುಡುಕಿ ಆರಿಸಿದ ಗಿಣಿಹಸಿರು ಬಟ್ಟೆ ಮಣ್ಣುಬಣ್ಣಕ್ಕೆ ತಿರುಗಿದರೆ ಅವರಿಗೆ ನೋವಾಗುವುದು ನ್ಯಾಯವೇ. ಉತ್ಪನ್ನದ ಫೋಟೋದಲ್ಲಂತೂ ಬಣ್ಣಕ್ಕೆ ಕೈ ಹಾಕುವಂತೆಯೇ ಇಲ್ಲ: ಕ್ಯಾಮೆರಾ ತಿದ್ದದೆ ಉಳಿಸುವ ರಾ ಫೈಲ್‌ನಲ್ಲಿ ತೆಗೆಯಿರಿ, ಬೆಳಕು ಬದಲಾದಾಗಲೆಲ್ಲ ಗ್ರೇ ಕಾರ್ಡ್ (ಬಣ್ಣ ಸರಿಹೊಂದಿಸಲು ಆಧಾರವಾಗುವ ಬೂದು ಹಲಗೆ) ಹಿಡಿದು ಒಂದು ಫ್ರೇಮ್ ತೆಗೆದಿಟ್ಟುಕೊಳ್ಳಿ.

ಶೂಟ್ ದಿನ ಅರ್ಧ ಗಂಟೆ ಸಿಕ್ಕರೆ ಮೊದಲ 20 ನಿಮಿಷ ಅವರು ಬೇಕೆಂದ ಫೋಟೋಗಳ ಪಟ್ಟಿಗೆ, ಉಳಿದ 10 ನಿಮ್ಮಿಷ್ಟದ ಫೋಟೋಗಳಿಗೆ. ತಿರುವುಮುರುವು ಮಾಡಿದರೆ ಪಟ್ಟಿಯಲ್ಲಿದ್ದದ್ದೇ ತಪ್ಪಿಹೋಗುತ್ತದೆ. ಹಿನ್ನೆಲೆ ಕರಗಿಸುವುದು ನಿಮಗೆಷ್ಟೇ ಪ್ರಿಯವಾಗಿರಲಿ, ಎರಡು ಸಾಲಿನ ಗುಂಪನ್ನು 85 ಎಂಎಂ ಲೆನ್ಸ್‌ನಲ್ಲಿ ಎಫ್/1.8ಕ್ಕೆ (ಲೆನ್ಸಿನ ಕಿಂಡಿ ಅಗಲಿಸಿ) ತೆಗೆದರೆ ಹಿಂದಿನ ಸಾಲಿನ ಮುಖಗಳು ಮಸುಕಾಗುತ್ತವೆ. ಅಲ್ಲಿ ಕಿಂಡಿ ಕಿರಿದಾಗಿಸಿ ಎಫ್/5.6 ಇಡಿ.

ಪೂರ್ತಿ ಎಡಿಟಿಂಗ್‌ಗೆ ಕೂರುವ ಮುನ್ನ 5 ಫೋಟೋ ಆರಿಸಿ, ಒಂದು ಒಳಾಂಗಣದ್ದು, ಒಂದು ಬಿಸಿಲಿನದ್ದು ಇರಲೇಬೇಕು. ಎರಡು ಬಗೆಯಲ್ಲಿ ಬಣ್ಣ ಮಾಡಿ ಕಳಿಸಿ, ಒಪ್ಪಿಗೆ ಬರಹದಲ್ಲಿ ಪಡೆಯಿರಿ. 600 ಫೋಟೋ ಮುಗಿಸಿದ ಮೇಲೆ ‘ಇನ್ನೂ ಬೆಳ್ಳಗಿರಬೇಕಿತ್ತು’ ಎಂದರೆ ವಾರದ ಕೆಲಸ ನೀರುಪಾಲು. ತಿದ್ದುಪಡಿ ಎಷ್ಟು ಸಲ ಎಂಬುದನ್ನೂ ಒಪ್ಪಂದದಲ್ಲಿ ಬರೆಯಿರಿ, ಎರಡು ಸಾಕು. ‘ಕತ್ತಲಾಗಿದೆ’, ‘ಹಳದಿಯಾಗಿದೆ’ ಎಂದು ದೂರು ಬಂದರೆ ಮೊದಲು ಯಾವ ಪರದೆಯಲ್ಲಿ ನೋಡಿದರೆಂದು ಕೇಳಿ. ಫೋನ್‌ನ ಬ್ರೈಟ್‌ನೆಸ್ ತಗ್ಗಿಸಿದ್ದರೆ, ರಾತ್ರಿಯ ಫಿಲ್ಟರ್ ಹಾಕಿದ್ದರೆ ಯಾವ ಫೋಟೋವಾದರೂ ಹಾಗೆಯೇ ಕಾಣುತ್ತದೆ.

ಶೂಟ್ ದಿನ ನಿಮಗೆಂದು ಇಟ್ಟುಕೊಂಡ ಆ ಹತ್ತು ನಿಮಿಷದ ಫೋಟೋಗಳನ್ನು ಬೇರೆ ಫೋಲ್ಡರ್‌ನಲ್ಲಿ ಕೊಡಿ, ಪಟ್ಟಿಯ ಫೋಟೋಗಳ ಜೊತೆ ಬೆರೆಸಬೇಡಿ. ಅವಕ್ಕೂ ಒಪ್ಪಿದ ಬಣ್ಣವನ್ನೇ ಹಾಕಿ. ಕಪ್ಪು-ಬಿಳುಪೇ ಚೆಂದ ಅನ್ನಿಸಿದರೆ ಬಣ್ಣದ ಒಂದು ಪ್ರತಿಯೂ ಪಕ್ಕದಲ್ಲಿರಲಿ.